ಅಕ್ಕಿಯಲ್ಲಿ ಬರೆದ ಹೆಸರಿಗೆ ಹೋದ ರೊಕ್ಕ

ಮಸ್ಕತ್ತಿನಲ್ಲಿ ಶುಕ್ರವಾರದ ಮಧ್ಯಾಹ್ನವೆಂದರೆ ಬೀದಿಗಳೂ ನಿದ್ದೆ ಹೋದಂತಿರುತ್ತಿದ್ದವು. ಸಮುದ್ರದ ಮಬ್ಬು ನಮ್ಮ ಕಿಟಕಿಯವರೆಗೆ ಬರುತ್ತಿತ್ತು. ನಾನು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಯಾರದೋ ಸೀರೆಗೆ ಫಾಲ್ ಹಚ್ಚುತ್ತ ಕೂಡುತ್ತಿದ್ದೆ. ನಮ್ಮ ಮನೆಯವರ ಪಗಾರ ರಾಯಚೂರಿನ ಅತ್ತೆಮನೆಗೆ ಹೋಗುತ್ತಿತ್ತು. ಫಾಲ್ ಹಚ್ಚಿದ ದುಡ್ಡು ಮಾತ್ರ ನನ್ನದು. ಅದನ್ನು ಆ ಸಲ ಮಾನ್ವಿಯಲ್ಲಿದ್ದ ಅವ್ವನಿಗೆ ಕಳಿಸಿದ್ದೆ. ಅವಳ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜಾಗಿತ್ತು. ಸೋಮವಾರ ರಾಯಚೂರಿನ ದವಾಖಾನೆಯಲ್ಲಿ ಆಪರೇಷನ್. ಅಷ್ಟರೊಳಗೆ ರೊಕ್ಕ ಕಟ್ಟದಿದ್ದರೆ ಮತ್ತೆ ಸರದಿ ಯಾವಾಗಲೋ.

ಎಕ್ಸ್‌ಚೇಂಜ್ ಅಂಗಡಿಯಲ್ಲಿ ರಿಯಾಲು ಕೊಟ್ಟರೆ ಒಂದು ನಂಬರಿನ ಚೀಟಿ ಕೊಡುತ್ತಾರೆ. ಆ ನಂಬರು ಹೇಳಿ, ಆಧಾರ್ ತೋರಿಸಿ, ಅವ್ವ ಮಾನ್ವಿಯ ಕೌಂಟರಿನಲ್ಲಿ ರೂಪಾಯಿ ಪಡೆಯಬೇಕು. ನಾನು ಜಪ ಮಾಡಿದಂತೆ ಒಂದೊಂದೇ ಅಂಕಿ ಫೋನಿನಲ್ಲಿ ಹೇಳಿದ್ದೆ. ರೊಕ್ಕ ಕಡಲು ದಾಟಿ, ಕಾಲುವೆಗುಂಟ ಭತ್ತದ ಗದ್ದೆಗಳ ನಡುವೆ ಮೆಲ್ಲಗೆ ನಡೆದುಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಅವ್ವನ ಫೋನು. “ಯವ್ವಾ, ರೊಕ್ಕ ಬಂದದಂತ. ಆದ್ರ ನನಗಲ್ಲಂತ.”

“ಮತ್ಯಾರಿಗಂತ ಬೇ?”

“ನೀ ಬರದ ಹೆಸರಿನಾಕಿಗಂತ! ನನ್ನ ಆಧಾರಿನ್ಯಾಗ ಆ ಹೆಸರಿಲ್ಲ.”

ನಮ್ಮಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಮದುಮಗ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ದೇವದುರ್ಗದ ಕಡೆಯ ಗಬ್ಬೂರಿನ ತವರಿನಲ್ಲಿ ಅವ್ವನಿಗೆ ಇಟ್ಟದ್ದು ದೇವಿಯ ಹೆಸರು. ಮದುವೆಯಾಗಿ ಮಾನ್ವಿಗೆ ಬಂದು ನದಿಯ ಹೆಸರಿನವಳಾದಳು. ಓಣಿಯೆಲ್ಲ ಕರೆದದ್ದು ನದಿಯನ್ನೇ, ನಾನು ಫಾರ್ಮಿನಲ್ಲಿ ತುಂಬಿದ್ದೂ ಅದನ್ನೇ. ಗಬ್ಬೂರಿನಲ್ಲಿ ಅವಳಪ್ಪ ಕೊಟ್ಟ ಹೊಲ ಹಳೆಯ ಹೆಸರಿಗಿದ್ದುದರಿಂದ ಆಧಾರೂ ಅದೇ ಹೆಸರಿಗೆ ಆಗಿತ್ತು. ಆ ಹೆಸರನ್ನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿ ಮರೆತಿದ್ದೆ.

ಮನೆಯವರು ನಕ್ಕರು. “ಹೆತ್ತವ್ವನ ಹೆಸರ ಗೊತ್ತಿಲ್ಲ. ನಂದರ ನೆನಪದನೋ ಇಲ್ಲೋ?”

“ನಿಮ್ಮ ಹೆಸರ ಹಿಡದು ಯಾವಾಗ ಕರದೀನ್ರೀ, ನೆನಪಿರಾಕ?” ಎಂದೆ. ನಗು ಮಾತ್ರ ಬರಲಿಲ್ಲ.

ಅಂಗಡಿ ತೆರೆದದ್ದು ಸಂಜೆ ನಾಲ್ಕಕ್ಕೆ. ಕೌಂಟರಿನಲ್ಲಿದ್ದವನು ಕೇರಳದವನು. ಎರಡು ಹೆಸರಿನವಳು ಒಬ್ಬಳೇ ಹೇಗೆ ಎಂದು ಕೇಳಿದ. ನನ್ನ ರಾಯಚೂರು ಹಿಂದಿಯಲ್ಲಿ ಅಕ್ಕಿ, ತಟ್ಟೆ, ಉಂಗುರ ಎಲ್ಲ ಹೇಳಿದೆ. ಅವನು ಟೈಪು ಮಾಡುವುದನ್ನು ಬಿಟ್ಟು ಕಿವಿಗೊಟ್ಟು ಕೇಳಿದ. ಮಾನ್ವಿಯ ಕೌಂಟರಿನವರು ಪುಣ್ಯಾತ್ಮರು, ಆಧಾರಿನ ಫೋಟೋ ತಾವೇ ನನ್ನ ಫೋನಿಗೆ ಕಳಿಸಿದ್ದರು. ಅವನು ಅದನ್ನು ನೋಡಿ ಹೊಸದಾಗಿ ಟೈಪು ಮಾಡಿದ, ನನಗೆ ಓದಿ ನೋಡಿ ಎಂದ. ಆ ಹೆಸರನ್ನು ಗಟ್ಟಿಯಾಗಿ ಓದಿದೆ. ಗಬ್ಬೂರಿನ ಯಾವುದೋ ಓಣಿಯಲ್ಲಿ ಲಂಗ ಉಟ್ಟ ಹುಡುಗಿಯೊಬ್ಬಳು ತಿರುಗಿ ನೋಡಿದಂತಾಯಿತು. ತಿದ್ದಿದ್ದಕ್ಕೆ ದುಡ್ಡು ಬೇಡವೆಂದ. ಅದೂ ಶಿವನ ಕೃಪೆಯೇ.

ಶನಿವಾರ ರೊಕ್ಕ ಅವ್ವನ ಕೈಸೇರಿತು, ಸೋಮವಾರ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ವಿಡಿಯೋ ಕಾಲ್ ಮಾಡಿದಳು. ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು.

“ಇಷ್ಟ್ಯಾಕ ಸೊರಗೀದಿ? ದಿನಾ ಆರಾಮದೀನಿ ಅಂತಿದ್ದೆಲ್ಲ, ಸುಳ್ಳಿ!”

ನಾನು ಸೆರಗು ಹೊದ್ದು ಫೋನನ್ನು ದೂರ ಹಿಡಿದೆ.

“ದೂರ ಹಿಡದ್ರೂ ಕಾಣಾಕತ್ತೀದಿ,” ಎಂದಳು.