ತನಿಖೆ ಪಾಠದ ಮೇಷ್ಟ್ರು

ಯಾರಿಗಾದರೂ ತಾವು ಪ್ರಶ್ನೆ ಕೇಳಿದ ಕೂಡಲೇ ನಮ್ಮ ಮೇಷ್ಟ್ರು ತೋರುಬೆರಳನ್ನು ತಮ್ಮದೇ ತುಟಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಉತ್ತರ ಮುಗಿಯುವವರೆಗೂ ಅದು ಕದಲುತ್ತಿರಲಿಲ್ಲ. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮಧುಗಿರಿಯ ನಮ್ಮ ಸಮುದಾಯ ಕಾಲೇಜಿನಲ್ಲಿ ಅಪರಾಧ ತನಿಖೆ, ವಿಚಾರಣೆ ಕಲಿಸುತ್ತಿದ್ದರು. ಸೋಮವಾರ, ಗುರುವಾರ ಪಾಠ. ಕೊರಟಗೆರೆ ಬಸ್ಸು ಕೆಟ್ಟುನಿಂತ ದಿನವೂ ತಪ್ಪಿಸಿದವರಲ್ಲ.

ಒಮ್ಮೆ ಟವೆಲನ್ನು ತಲೆಗೆ ಹೊದ್ದು, ಪರ್ಸ್ ಕಳೆದುಕೊಂಡ ಅಜ್ಜಿಯಾಗಿ ಕೂತರು. ಶಿರಾದ ಗೆಳೆಯ ವಿಚಾರಣೆ ಶುರುಮಾಡಿದ.

"ಅಜ್ಜೀ, ಕಳ್ಳ ಕೆಂಪಂಗಿ ಹಾಕಿದ್ನಾ?"

"ಹೂಂ ಕಣಪ್ಪಾ, ನೀನು ಹೇಳಿದ್ ಮ್ಯಾಲೆ ಕೆಂಪೇ ಆಗೋಯ್ತು!"

ನಗು ನಿಂತ ಮೇಲೆ ಟವೆಲು ತೆಗೆದರು. "ಅವರ ಬಾಯಿಗೆ ನಿಮ್ಮ ಮಾತು ತುರುಕಬ್ಯಾಡ್ರಲಾ."

ಆ ವರ್ಷವೇ ಕಾಲೇಜಿನ ಕ್ಯಾಮೆರಾ ಕಾಣೆಯಾಯಿತು. ಹಿಂದಿನ ಸಂಜೆ ಎಲ್ಲಿಗೆ ಹೋಗಿದ್ದೆ ಎಂದು ಗುಮಾಸ್ತರು ಕೇಳಿದಾಗ, "ಊರ್ಕೆ ಅಂಗೇ ಹೋಗಿದ್ದೆ ಸಾರ್" ಎಂದೆ. ಅವರು "ಊರಿಗೆ ಹೋಗಿದ್ದೆ" ಎಂದು ಬರೆದು, ಗಡಗಡ ಓದಿ ಹೇಳಿದರು. ನನ್ನ ಕಿವಿಗೆ ಅದು ನನ್ನ ಮಾತಾಗಿಯೇ ಕೇಳಿಸಿತು, ಸಹಿ ಹಾಕಿದೆ. ಆದರೆ ಆ ಸಂಜೆ ನನ್ನನ್ನು ಕಾಲೇಜಿನಲ್ಲೇ ಕಂಡವರಿದ್ದರು. ಸುಳ್ಳ ಎನಿಸಿಕೊಂಡೆ. ಕಾಲೇಜಿನಿಂದ ಹೆಸರು ತೆಗೆಯುವ ಮಾತು ಬಂತು. ಹಾಗಾಗಿದ್ದರೆ ನನ್ನ ಕಾನ್‌ಸ್ಟೆಬಲ್ ಕೆಲಸದ ಆಸೆ ಅಲ್ಲಿಗೇ ಮುಗಿಯುತ್ತಿತ್ತು.

ಮೇಷ್ಟ್ರು ಪ್ರಾಂಶುಪಾಲರ ಕೋಣೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಅವತ್ತು ಹೆಂಗೆ ಹೇಳ್ದೋ ಅಂಗೇ ಹೇಳು."

ಹೇಳಿದೆ.

"ಊರ್ಕೆ ಅಂದ್ರೆ ಏನಪ್ಪಾ?"

"ಸುಮ್ಕೆ ಸಾರ್. ನಮ್ ಪಾವಗಡದ ಕಡೆ ಅಂಗಂತೀವಿ, ತೆಲುಗು ಮಾತು. ಪಾಠ ಮುಗುದ್ ಮ್ಯಾಲೆ ಇಲ್ಲೇ ಕಾಲೇಜ್ ಸುತ್ತ ಸುಮ್ಕೆ ಅಡ್ಡಾಡಕ್ಕೆ ಹೋಗಿದ್ದೆ."

ಗುಮಾಸ್ತರು ತಲೆ ಕೆರೆದುಕೊಂಡರು. ಮೇಷ್ಟ್ರು ಪ್ರಾಂಶುಪಾಲರತ್ತ ತಿರುಗಿದರು. "ಕ್ಯಾಮೆರಾ ಇವನು ತಗೊಂಡಿಲ್ಲ ಅಂತ ನಾನು ಹೇಳ್ತಿಲ್ಲ. ಸುಳ್ಳು ಹೇಳಿಲ್ಲ, ಅಷ್ಟೇ."

ಇವನು ಕಳ್ಳನಲ್ಲ ಎಂದೂ ಒಂದು ಮಾತು ಸೇರಿಸಬಾರದಿತ್ತೇ ಎಂದು ನನಗೆ ಅಳು ಬಂತು. ಆದರೂ ಹೆಸರು ಉಳಿಯಿತು. ಗುರುವಾರದ ಹೊತ್ತಿಗೆ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು, ಕೊಟ್ಟುಬಂದವರೇ ಮರೆತಿದ್ದರು.

ಮೇಷ್ಟ್ರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಚನ್ನರಾಯನದುರ್ಗದ ಅವರ ಮನೆ ಮುಂದೆ ನನ್ನ ಪಕ್ಕ ನಿಂತಿದ್ದ ನಡುವಯಸ್ಸಿನವನನ್ನು, ನಿಮಗೆ ಹೇಗೆ ಪರಿಚಯ ಎಂದು ಕೇಳಿದೆ.

"ನನ್ನ ಜೈಲಿಗೆ ಕಳ್ಸಿದ್ದೇ ಅವ್ರು ಕಣಪ್ಪಾ. ಎಲ್ಡು ಕುರಿ ಕದ್ದಿದ್ದೆ. ಎಲ್ಡೇ ಅಂತ ಬರುದ್ರು. ಊರಾಗೆ ಕಾಣೆಯಾದ ಕುರೀನೆಲ್ಲ ನನ್ ತಲೆಗೆ ಕಟ್ಲಿಲ್ಲ."

ಹೆಗಲು ಕೊಡಲು ಕರೆದಾಗ ನಾವಿಬ್ಬರೂ ಒಟ್ಟಿಗೇ ಮುಂದೆ ಹೋದೆವು.