ಕಂಪ್ಯೂಟರಿಗೆ ಇಟ್ಟ ಕುಂಕುಮ

ಗ್ಯಾರೇಜಿನಲ್ಲಿ ಕಂಪ್ಯೂಟರ್ ಕಟ್ಟಿದ ಇಬ್ಬರು ಅಮೆರಿಕನ್ನರ ಕಥೆ ಟೀವಿ ಧಾರಾವಾಹಿಯಾಗುತ್ತಿತ್ತು. ಶೂಟಿಂಗು ಅಡ್ಯಾರಿನ ಒಂದು ಕಾರ್ ಶೆಡ್ಡಿನಲ್ಲಿ. ತಪ್ಪು ಹಿಡಿಯುವುದಕ್ಕೆಂದೇ ನನ್ನನ್ನು ಕರೆಸಿದ್ದರು. ಆ ಕಾಲದ ಕಂಪ್ಯೂಟರಿಗೆ ಮೌಸ್ ಇರಲಿಲ್ಲವೆಂದು ಹೇಳಿ ಮೊದಲು ಅದನ್ನು ತೆಗೆಸಿದೆ. ಪೂಜೆ ಮುಗಿದು, ಮುಹೂರ್ತದ ಶಾಟ್ ಆದಮೇಲೆ ನೋಡಿದರೆ ಮಾನಿಟರಿನ ಹಣೆಗೆ ದೊಡ್ಡ ಕುಂಕುಮ!

"ಅಮೆರಿಕದಲ್ಲಿ ಕುಂಕುಮವೇ ಸಾರ್? ಇನ್ನೊಂದು ಸಲ ತೆಗೀರಿ" ಅಂದೆ.

ನಿರ್ದೇಶಕರು ಮೈಸೂರಿನವರು. "ಮುಹೂರ್ತದ ಶಾಟ್ ಮತ್ತೆ ತೆಗೆದರೆ ಅಪಶಕುನ ಕಣ್ರೀ. ಕಂಟಿನ್ಯೂಟಿ ಕೆಡಬಾರದು, ಇನ್ಮೇಲೆ ದಿನಾ ಅದೇ ಜಾಗಕ್ಕೆ ನೀವೇ ಇಡಿ" ಅಂದರು. ಕೊನೆಯ ಕಂತಿನವರೆಗೂ ಇಟ್ಟೆ.

ಪ್ರಸಾರವಾದಾಗ ಕುಂಕುಮದ ಬಗ್ಗೆ ಒಬ್ಬರೂ ಕೇಳಲಿಲ್ಲ. ತಾಂಬರಂನಲ್ಲಿ ನಮ್ಮ ಪಕ್ಕದ ಮನೆಯವರು ಮಾತ್ರ, "ನೀವಿದ್ದೂ ಮೌಸ್ ಇಡೋದು ಮರೆತುಬಿಟ್ರಾ?" ಅಂತ ನಕ್ಕರು.