ಮೆರಿನ್ ಅಳಿಸಿದ ತಪ್ಪು

ಕಂಪ್ಯೂಟರಿನ ದಾಖಲೆಯಲ್ಲಿ ತಪ್ಪೇ ಇಲ್ಲವೆಂದರೆ ಯಾರಿಗಾದರೂ ಖುಷಿಯಾಗಬೇಕು. ಮೆರಿನ್ ಟೋಲ್‌ಹರ್ಸ್ಟ್‌ಗೆ ಭಯವಾಗುತ್ತದೆ.

ಟಾಸ್ಮೇನಿಯದ ಈ ಕಡಲೂರಿನಲ್ಲಿ, ಬೇಕರಿಯ ಮಹಡಿಯ ಮೇಲೆ, ನಾನೂ ಅವಳೂ ಇಂಟರ್‌ಪ್ರಿಟರ್ ಎಂಬ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಬರೆದ ಪ್ರೋಗ್ರಾಮನ್ನು ಓದಿ ನಡೆಸುವುದು ಅದರ ಕೆಲಸ. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಗಾಳಿಯ ವೇಗ ತೋರಿಸುವ ಬೋರ್ಡು ನಡೆಯುವುದೂ ಅದರ ಮೇಲೆಯೇ.

ನಾಲ್ಕು ವರ್ಷದ ಹಿಂದೆ ಗ್ಲೆನ್ ಹಾರ್ಡ್‌ವಿಕ್ ಕಡಲಲ್ಲಿ ಇಳಿಸಿದ್ದ ಸಿಗಡಿಯ ಬೋನುಗಳನ್ನು ಎತ್ತಲು ಹೋಗಿ, ಬಿರುಗಾಳಿಗೆ ಸಿಕ್ಕಿ ಸತ್ತ. ವಿಚಾರಣೆ ನಡೆಸಿದವರು ಬೋರ್ಡಿನ ತಪ್ಪುಗಳು ತಾವಾಗಿಯೇ ಬರೆದುಕೊಳ್ಳುವ ದಾಖಲೆ ತೆಗೆಸಿದರು. ಒಂದೂ ತಪ್ಪಿರಲಿಲ್ಲ. ಬೋರ್ಡು ಸರಿಯಿದ್ದರೂ ನೋಡದೆ ಹೋದ ಮೊಂಡ ಎಂದು ಊರೆಲ್ಲ ಗ್ಲೆನ್‌ನನ್ನು ಬೈಯಿತು.

ಪ್ರೋಗ್ರಾಂ ಆಗಾಗ ತನ್ನೊಳಗಿನ ಒಂದು ವಸ್ತುವಿನಲ್ಲಿ, ಅಂದರೆ ಮಾಹಿತಿಯ ಕಟ್ಟಿನಲ್ಲಿ, ಯಾವುದೋ ಹೆಸರಿನ ಗುಣವನ್ನು ಹುಡುಕುತ್ತದೆ. ಸಿಗದಿದ್ದರೆ ತಪ್ಪು ಏಳುತ್ತದೆ. ಸಿಗದಿರುವುದು ದೊಡ್ಡ ವಿಷಯವಲ್ಲವಾದ್ದರಿಂದ, ತಪ್ಪನ್ನು ಅಳಿಸಿ ಮುಂದುವರಿ ಎಂದು ಗ್ಲೆನ್ ಸಾಯುವುದಕ್ಕೂ ಮೊದಲೇ ಮೆರಿನ್ ಒಂದು ಸಾಲು ಬರೆದಿದ್ದಳು. ಹುಡುಕುವ ಮೊದಲೇ ಎದ್ದು, ವರದಿಯಾಗಲು ಕಾಯುತ್ತಿದ್ದ ಬೇರೆ ತಪ್ಪೂ ಅದರ ಜೊತೆ ಅಳಿಸಿಹೋಗುತ್ತಿತ್ತು. ಆ ಸಾಲನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವನು ನಾನು. ಊಟದ ಹೊತ್ತಾಗಿತ್ತು, ಸರಿಯಾಗಿ ಓದಿರಲಿಲ್ಲ.

ಈ ಮಾರ್ಚಿನಲ್ಲಿ ಅವಳಿಗೆ ಆ ಸಾಲಿನ ಮೇಲೆ ಅನುಮಾನ ಬಂತು. ದಕ್ಕೆಯಲ್ಲಿರುವಂಥದ್ದೇ ಗಾಳಿ ಅಳೆಯುವ ಯಂತ್ರ ತಂದು, ನಡೆಯುತ್ತಿರುವಾಗಲೇ ತಂತಿ ಕಿತ್ತಳು. ಪರದೆಯ ಮೇಲೆ ಹಳೆಯ ಅಂಕಿಯೇ ನಿಂತಿತು. ದಾಖಲೆ ಖಾಲಿ. ಸಾಲು ತಿದ್ದಿ ಮತ್ತೆ ಕಿತ್ತಾಗ, ಯಂತ್ರ ಸಿಗುತ್ತಿಲ್ಲ ಎಂಬ ತಪ್ಪು ದಾಖಲಾಯಿತು. ಗ್ಲೆನ್ ಹೋದ ದಿನವೂ ಬೋರ್ಡು ಹೀಗೆಯೇ ಹಳೆಯ ಅಂಕಿಗೆ ನಿಂತಿದ್ದಿರಬಹುದು. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಆ ಸಾಲು ಇನ್ನೆಲ್ಲಿ, ಇನ್ನೇನನ್ನು ನುಂಗಿದೆಯೋ ಯಾರಿಗೆ ಗೊತ್ತು?

ಗ್ಲೆನ್‌ನ ಹೆಂಡತಿ ಬೆವ್‌ಗೆ ಹೇಳಲೇಬೇಕು ಎಂದಳು ಮೆರಿನ್. ಕೋರ್ಟು ಕಚೇರಿ ಆದೀತು, ಸುಮ್ಮನಿರು ಎಂದೆ. ಹೇಡಿತನದ ಮಾತು, ಈಗಲೂ ನಾಚಿಕೆಯಾಗುತ್ತದೆ. ಅವಳು ಹೊರಟಳು, ಹಿಂದೆ ನಾನೂ ಹೋದೆ.

ಬೆವ್ ಒಲೆ ಆರಿಸಿ, ನಾನು ಓದದೆ ಒಪ್ಪಿಗೆ ಕೊಟ್ಟದ್ದೂ ಸೇರಿ ಪೂರ್ತಿ ಕೇಳಿದಳು.

"ಹಂಗಾದ್ರೆ ಅವ್ನು ಬೋರ್ಡ್ ನೋಡೇ ಹೋಗಿದ್ದ?"

"ನೋಡಿರ್ಬೋದು ಬೆವ್. ನೋಡಿದ್ರೂ ಗಾಳಿ ಇಲ್ಲ ಅಂತ್ಲೇ ಇದ್ದಿರ್ಬೋದು," ಎಂದಳು ಮೆರಿನ್.

"ಮಣ್ಣು ಮಾಡಿದ್ಮೇಲೆ ಒಂದಿನಾನೂ ಆ ಕಡೆ ಹೋಗಿಲ್ಲ ನಾನು. ಅಷ್ಟು ಸಿಟ್ಟಿತ್ತು ಅವನ ಮೇಲೆ." ಕಾರಿನ ಕೀಲಿ ತೆಗೆದುಕೊಂಡಳು. "ಬನ್ನಿ ಇಬ್ರೂ. ಅವನಿಗೂ ನೀವೇ ಹೇಳಿ."

ಗೋರಿಯ ಮುಂದೆ ಮೆರಿನ್ ಮೊದಲಿನಿಂದ ಹೇಳಿದಳು. ಆಮೇಲೆ ಬೆವ್ ನನ್ನ ಕಡೆ ತಿರುಗಿ, ನನ್ನ ಪಾಲಿನ ತಪ್ಪನ್ನು ನಾನೇ ಹೇಳಲೆಂದು ಕಾದಳು.